ಕಾಲ್ ಸೈನ್ ತೆಗೆದೆ, ಹೆಸರು ತೆಗೆಯಲಿಲ್ಲ

ಹೆಂಡತಿ ತೀರಿಕೊಂಡ ಮೇಲೆ ನಾನು ಅತಿ ಹೆಚ್ಚು ಕೇಳಿದ ಶಬ್ದ ‘ಕ್ಯಾನ್ಸಲ್’. ಪಾಸ್‌ಪೋರ್ಟ್ ಕ್ಯಾನ್ಸಲ್, ವೀಸಾ ಕ್ಯಾನ್ಸಲ್, ಬ್ಯಾಂಕಿನ ಕಾರ್ಡು ಕ್ಯಾನ್ಸಲ್, ಮೊಬೈಲ್ ನಂಬರ್ ಕ್ಯಾನ್ಸಲ್. ಗಲ್ಫಿನ ಈ ಊರಿನ ದೇರಾ ಬಡಾವಣೆಯಲ್ಲಿ, ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಕೂತಿದ್ದವನು ಒಂದೊಂದು ಕಾಗದ ಮುಗಿದಾಗಲೂ ‘ಖಲಾಸ್, ಅಂಕಲ್’ ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಅದು ಅವನ ಮಾತಿನ ರೂಢಿ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯವರು ಗುರುತಿನ ಕಾರ್ಡು ವಾಪಸ್ ತೆಗೆದುಕೊಂಡು, ನನ್ನ ಕಣ್ಣೆದುರಿಗೇ ಅದರ ಮೂಲೆ ಕತ್ತರಿಸಿದರು. ನಾನು ಎಲ್ಲದಕ್ಕೂ ಸಹಿ ಹಾಕಿದೆ. ಹಾಕುತ್ತಾ ಹಾಕುತ್ತಾ ನನ್ನೊಳಗೆ ಒಂದು ಹಠ ಹುಟ್ಟಿತು. ಇನ್ನು ಎಲ್ಲಾದರೂ ಅವಳ ಹೆಸರು ತೆಗೆಯಲು ಬಂದರೆ ಬಿಡುವುದಿಲ್ಲ ಎಂದು. ಅಂಥ ಜಾಗ ಇನ್ನೊಂದಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಪರದೆ ಹಾಕುವವನು. ಕಿಟಕಿ ಅಳೆದು, ಬಟ್ಟೆ ಹೊಲಿಸಿ, ಏಣಿ ಮತ್ತು ಡ್ರಿಲ್ಲು ಹಿಡಿದು ಮನೆಮನೆಗೆ ಹೋಗಿ ರಾಡು ಕೂರಿಸಿ ಬರುವ ಕೆಲಸ. ಕುಂದಾಪುರದ ಕಡೆಯವನು, ಪಿಯುಸಿಗೇ ಓದು ನಿಂತಿತು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಆಸ್ಪತ್ರೆಯ ಯಂತ್ರಗಳ ದುರಸ್ತಿ ವಿಭಾಗದಲ್ಲಿದ್ದಳು. ಇಡೀ ದಿನ ರೋಗಿಗಳ ಪಕ್ಕದ ಪಂಪು, ಮಾನಿಟರು ಬಿಚ್ಚಿ ಜೋಡಿಸಿ ಸಾಕಾಗಿ ಬಂದವಳು ಚಹಾ ಕುಡಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ, ಸೋಲ್ಡರಿಂಗ್ ಐರನ್ ಬಿಸಿಗಿಡುತ್ತಿದ್ದಳು.

‘ಒಂದು ದಿನ ಸಾಸಿವೆ ಬದಲು ಇದನ್ನೇ ಒಗ್ಗರಣೆಗೆ ಹಾಕ್ತೀಯ ನೀನು’ ಎಂದು ಅವಳ ಪುಟ್ಟ ಪುಟ್ಟ ಬಿಡಿಭಾಗಗಳನ್ನು ನೋಡಿ ನಾನು ಹೇಳುತ್ತಿದ್ದೆ.

‘ಹಾಕಿದ್ರೂ ನಿಮಗೆ ಗೊತ್ತಾಗ್ಲಿಕ್ಕುಂಟಾ? ಉಪ್ಪು ಹಾಕದ ಸಾರು ಉಂಡು ಎದ್ದು ಹೋದವರು ನೀವು.’

ಅವಳದು ಹವ್ಯಾಸಿ ರೇಡಿಯೋ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಸ್ವಂತ ಯಂತ್ರದಿಂದ ಗಾಳಿಯಲ್ಲಿ ಸಂಕೇತ ಕಳಿಸುವವರ ಬಳಗ ಅದು. ಲೈಸೆನ್ಸಿನ ಜೊತೆ ಒಬ್ಬೊಬ್ಬರಿಗೂ ಅಕ್ಷರ ಮತ್ತು ಅಂಕಿ ಸೇರಿದ ಒಂದು ಗುರುತು ಕೊಡುತ್ತಾರೆ. ಅದಕ್ಕೆ ಕಾಲ್ ಸೈನ್ ಎನ್ನುತ್ತಾರೆ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗೆ ಇರುವುದಿಲ್ಲ. ಆ ಬಳಗದವರು ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ. ಅವಳ ಎಷ್ಟೋ ಗೆಳೆಯರಿಗೆ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ.

ಆ್ಯಂಟೆನಾ ಹಾಕಿಕೊಟ್ಟವನು ನಾನು. ಬಾಲ್ಕನಿಯ ಮಾಡಿಗೆ ಪರದೆಯ ಅಲ್ಯೂಮಿನಿಯಂ ಟ್ರ್ಯಾಕ್ ಹೊಡೆದು, ತಂತಿ ಕಾಣದ ಹಾಗೆ ಅದರೊಳಗೆ ಓಡಿಸಿ, ಬಹಳ ಚಂದ ಮಾಡಿದೆ ಎಂದು ಬೀಗುತ್ತಾ ಇಳಿದೆ. ಅವಳು ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದಳು.

‘ಅಲ್ಯೂಮಿನಿಯಂ ಒಳಗೆ ಕೂಡಿ ಹಾಕಿದ್ರೆ ಅದು ಹೊರಗೆ ಹೋಗುದು ಹೇಗೆ ಮಾರಾಯ್ರೆ? ಅದಕ್ಕೂ ವೀಸಾ ಮಾಡಿಸ್ಬೇಕಾ?’

ಮರುದಿನ ಟ್ರ್ಯಾಕ್ ಬಿಚ್ಚಿ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಹಾಕಿದೆ. ಆ ತಂತಿ ಈಗಲೂ ಅಲ್ಲೇ ಇದೆ.

ಕಾಯಿಲೆ ಗೊತ್ತಾಗುವ ಮೊದಲಿನ ವರ್ಷಗಳಲ್ಲಿ ಅವಳು ಒಂದು ಪುಟ್ಟ ಯಂತ್ರ ಮಾಡಿದಳು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಟಾರ್ಚಿನ ಬಲ್ಬಿಗೂ ಸಾಲದಷ್ಟು ಕರೆಂಟಿನಲ್ಲಿ ಅದು ಆಗಾಗ ಒಂದು ಸಣ್ಣ ಸಂಕೇತ ಕಳಿಸುತ್ತದೆ: ನಾನು ಇಂಥವಳು, ಇಂಥಲ್ಲಿದ್ದೇನೆ. ಅಷ್ಟೇ. ಬೇರೆ ಬೇರೆ ದೇಶಗಳಲ್ಲಿ ಹವ್ಯಾಸಿಗಳು ಇಟ್ಟುಕೊಂಡ ರಿಸೀವರ್‌ಗಳು ತಮಗೆ ಕೇಳಿದ್ದನ್ನು ಒಂದು ವೆಬ್‌ಸೈಟಿಗೆ ಕಳಿಸುತ್ತವೆ, ಅಲ್ಲಿ ನಕ್ಷೆಯ ಮೇಲೆ ಗೆರೆ ಮೂಡುತ್ತದೆ. ನಮ್ಮ ಬಾಲ್ಕನಿಯಿಂದ ಹೊರಟ ಗೆರೆ ಆಸ್ಟ್ರೇಲಿಯಾದಲ್ಲಿ ಮುಗಿದ ದಿನ ಅವಳು ಪಾಯಸ ಮಾಡಿದ್ದಳು.

ಯಂತ್ರದ ಚಿಪ್‌ನೊಳಗೆ ತುಂಬುವ ಪ್ರೋಗ್ರಾಂ ಅವಳೇ ಬರೆದದ್ದು. ಫರ್ಮ್‌ವೇರ್ ಎನ್ನುತ್ತಾರೆ ಅದಕ್ಕೆ. ಯಂತ್ರ ಜೋಡಿಸುವ ನಕ್ಷೆಯನ್ನೂ ಪ್ರೋಗ್ರಾಮನ್ನೂ ಅವಳು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟುಬಿಟ್ಟಳು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ನನಗೆ ಅರ್ಥವಾಗಲಿಲ್ಲ. ವರ್ಷಗಟ್ಟಲೆ ಕೂತು ಮಾಡಿದ್ದನ್ನು ಯಾರಾದರೂ ಹೀಗೆ ಬಿಟ್ಟುಕೊಡುತ್ತಾರೆಯೇ?

‘ಎದುರು ಫ್ಲ್ಯಾಟಿನವರು ಬಂದು ಹೆಪ್ಪು ಕೇಳಿದ್ರೆ ನೀವು ಕೊಡುದಿಲ್ವಾ? ನಾಳೆ ನಮ್ಮ ಮೊಸರು ಕೆಟ್ಟರೆ ನಾವು ಅಲ್ಲಿಗೇ ಹೋಗುದಲ್ವಾ? ಇದೂ ಹಾಗೇ.’

‘ಹೆಪ್ಪಿನ ಮೇಲೆ ನಿನ್ನ ಹೆಸರು ಇರುದಿಲ್ವಲ್ಲ.’

‘ಇದರ ಮೇಲೆ ಉಂಟು’ ಎಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಪ್ರತಿ ಕಡತದ ಮೊದಲ ಸಾಲಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ಕಾಲ್ ಸೈನ್. ಅದರ ಕೆಳಗೆ ಷರತ್ತು: ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಮುಂದಿನವರಿಗೂ ಇದೇ ಸ್ವಾತಂತ್ರ್ಯ ಕೊಡಿ, ಮೇಲಿನ ಹೆಸರನ್ನು ತೆಗೆಯಬೇಡಿ. ‘ಇಷ್ಟೇ ನನ್ನ ಬಾಡಿಗೆ’ ಎಂದಳು.

ಅದೇ ಹೊತ್ತಿಗೆ ನಾನು ಇನ್ನೊಂದು ಪ್ರಶ್ನೆ ಕೇಳಿದ್ದು ನೆನಪಿದೆ. ಪ್ರೋಗ್ರಾಮಿನಲ್ಲಿ ಕಾಲ್ ಸೈನ್ ಬರೆಯುವ ಜಾಗದಲ್ಲಿ ಅವಳು ಉದಾಹರಣೆಗೆಂದು ತನ್ನದನ್ನೇ ಇಟ್ಟಿದ್ದಳು, ಪಕ್ಕದಲ್ಲಿ ‘ಇದನ್ನು ಬದಲಿಸಿ’ ಎಂಬ ಸೂಚನೆ. ಯಾರಾದರೂ ಬದಲಿಸದೆ ಇದ್ದರೆ ಎಂದೆ.

‘ಸ್ವಂತ ಹೆಸರು ಬರೀಲಿಕ್ಕೆ ಮರೆಯುವವರು ಯಾರುಂಟು?’ ಎಂದು ನಕ್ಕಳು.

ಜೆಬೆಲ್ ಅಲಿಯ ಸ್ಮಶಾನದಲ್ಲಿ ಅವಳ ಸಂಸ್ಕಾರ ಮುಗಿದ ಮೇಲೆ, ಅವಳ ಬಳಗದ ಹಿರಿಯರೊಬ್ಬರು ಮನೆಗೆ ಬಂದರು. ಕಾಸರಗೋಡಿನವರು. ಹಿಂದೆ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು, ಈಗ ಶಾರ್ಜಾದಲ್ಲಿ ಮಗನ ಮನೆಯಲ್ಲಿದ್ದಾರೆ. ಲೈಸೆನ್ಸ್ ಇದ್ದವಳು ಹೋದ ಮೇಲೆ ಸಂಕೇತ ಕಳಿಸುವ ಯಂತ್ರವನ್ನು ನಾನು ಇಟ್ಟುಕೊಳ್ಳುವ ಹಾಗಿಲ್ಲ, ತಮ್ಮ ಲೈಸೆನ್ಸಿನ ಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದರು. ಕೊಟ್ಟೆ. ಬಾಲ್ಕನಿಯ ತಂತಿಯ ಕಡೆ ನೋಡಿದರು.

‘ಅದು ಬಿಡಿ ಅಣ್ಣ, ಅದು ನನ್ನ ಕೆಲಸ’ ಎಂದೆ. ಅವರು ತಂತಿ ಬಿಟ್ಟು ಯಂತ್ರ ಮಾತ್ರ ಒಯ್ದರು.

ಆ ಬಳಗದಲ್ಲಿ ಒಂದು ಪದ್ಧತಿ ಇದೆ. ಒಬ್ಬರು ತೀರಿಕೊಂಡರೆ ಉಳಿದವರು ಸೇರಿ ಗಾಳಿಯಲ್ಲಿ ಕೊನೆಯ ಸಲ ಅವರ ಕಾಲ್ ಸೈನ್ ಕೂಗುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಆಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸೆಟ್ ಆಫ್ ಮಾಡಿ ಸುಮ್ಮನೆ ನಿಲ್ಲುತ್ತಾರೆ. ಶನಿವಾರ ಬೆಳಿಗ್ಗೆ ಮಮ್ಜರ್ ಕಡಲತೀರದಲ್ಲಿ, ಮೀನು ಗಾಳದ ಕೋಲಿಗೆ ಆ್ಯಂಟೆನಾ ತಂತಿ ಕಟ್ಟಿ, ಹಿರಿಯರು ಅವಳನ್ನು ಕರೆದರು. ಅಬುಧಾಬಿಯಲ್ಲಿ ಕೆಲಸದಲ್ಲಿರುವ ಮಗಳು ನನ್ನ ತೋಳು ಹಿಡಿದು ನಿಂತಿದ್ದಳು. ಸ್ಪೀಕರಿನಲ್ಲಿ ಬರೀ ಸುಯ್ ಎನ್ನುವ ಸದ್ದು. ‘ಇನ್ನು ಈ ಕಾಲ್ ಸೈನ್ ಕೇಳುವುದಿಲ್ಲ’ ಎಂದು ಹಿರಿಯರು ಇಂಗ್ಲಿಷಿನಲ್ಲಿ ಹೇಳಿದರು. ಇದಕ್ಕೂ ತಲೆಯಾಡಿಸಿ ಒಪ್ಪಿಗೆ ಕೊಟ್ಟೆ. ಅದೂ ಒಂದು ಸಹಿಯೇ.

ಕೆಲವು ವಾರಗಳ ಮೇಲೆ ನಾನು ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಏಣಿಯ ಮೇಲಿದ್ದಾಗ ಹಿರಿಯರ ಫೋನು ಬಂತು.

‘ನೀನು ಎಂತಾದ್ರೂ ಆನ್ ಮಾಡಿದ್ದೀಯಾ?’

‘ಎಂತದ್ದು?’

‘ಯಂತ್ರ. ಅವಳ ಕಾಲ್ ಸೈನ್ ಬರ್ತಾ ಉಂಟು.’

‘ಯಂತ್ರ ನಿಮ್ಮ ಮನೆಯಲ್ಲೇ ಉಂಟಲ್ಲ ಅಣ್ಣ.’

ಆ ಕಡೆ ಕಪಾಟಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ‘ಹೌದು ಮಾರಾಯ, ನನ್ನ ಕಪಾಟಿನಲ್ಲೇ ಉಂಟು’ ಎಂದರು.

ನಾನು ಏಣಿಯಿಂದ ಇಳಿದು ಅದರ ಕೆಳಗಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲೇ ಆ ನಕ್ಷೆ ತೆರೆದೆ. ಅವಳ ಕಾಲ್ ಸೈನ್ ಇತ್ತು. ಒಂದು ಕಡೆಯಲ್ಲ. ಇಂಡೋನೇಷ್ಯಾದ ಒಂದು ದ್ವೀಪದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ ಎಲ್ಲೋ, ದಕ್ಷಿಣ ಅಮೆರಿಕದ ತುದಿಯಲ್ಲಿ. ಅವಳ ಪಾಸ್‌ಪೋರ್ಟಿನಲ್ಲಿ ಇದ್ದದ್ದು ನಮ್ಮ ಊರು ಮತ್ತು ಈ ಊರು, ಎರಡೇ ದೇಶದ ಮುದ್ರೆ. ಮನೆಯೊಡತಿ ಬಂದು ಪರದೆ ಯಾವಾಗ ಮುಗಿಯುತ್ತದೆ ಎಂದು ಕೇಳುವವರೆಗೂ ನಾನು ಅಲ್ಲೇ ಕೂತಿದ್ದೆ.

ಆದದ್ದು ಇಷ್ಟು. ಯಂತ್ರದಲ್ಲಿ ಉಪಗ್ರಹದಿಂದ ಸಮಯ ಮತ್ತು ಜಾಗ ತಿಳಿದುಕೊಳ್ಳುವ ಒಂದು ಬಿಲ್ಲೆ ಇದೆ. ಅದರಿಂದ ಎಲ್ಲವೂ ತಾನಾಗಿಯೇ ಹೊಂದಿಕೊಳ್ಳುತ್ತದೆ. ಅವಳು ಬಿಟ್ಟುಕೊಟ್ಟ ನಕ್ಷೆ ನೋಡಿ ಜನ ಯಂತ್ರ ಜೋಡಿಸಿ, ಪ್ರೋಗ್ರಾಂ ತುಂಬಿ, ಸ್ವಿಚ್ ಹಾಕಿದರೆ ಸಾಕು, ಕೆಲಸ ಶುರು. ಕೆಲಸ ಶುರುವಾದ ಖುಷಿಯಲ್ಲಿ ಕೆಲವರು ಕಾಲ್ ಸೈನ್ ಬದಲಿಸುವುದನ್ನು ಮರೆತಿದ್ದರು. ಅವಳ ಕಾಲದಲ್ಲೂ ಮರೆತಿದ್ದಿರಬೇಕು, ಆಗ ಯಾರೂ ಹುಡುಕಿ ನೋಡಿರಲಿಲ್ಲ. ಸ್ವಂತ ಹೆಸರು ಬರೆಯಲು ಮರೆಯುವವರು ಇದ್ದರು.

‘ಇದು ಸರಿಯಲ್ಲ. ತೀರಿಕೊಂಡವರ ಕಾಲ್ ಸೈನ್ ಓಡಾಡ್ಬಾರ್ದು. ರೂಲ್ ಅಂದ್ರೆ ರೂಲ್’ ಎಂದರು ಹಿರಿಯರು ಮತ್ತೆ ಫೋನ್ ಮಾಡಿ. ‘ಪ್ರೋಗ್ರಾಮಿನಿಂದ ತೆಗೀಬೇಕು. ಅದನ್ನು ಇಟ್ಟ ಪುಟದ ಪಾಸ್‌ವರ್ಡ್ ಉಂಟಾ ನಿನ್ನ ಹತ್ರ?’

‘ಲ್ಯಾಪ್‌ಟಾಪ್ ತೆರೆದ್ರೆ ತಾನೇ ತೆರೀತದೆ.’

‘ಹಾಗಾದ್ರೆ ಗೊತ್ತಿದ್ದವರಿಗೆ ಕೊಟ್ಟು ಮಾಡಿಸು.’

ಅದಕ್ಕೆ ಮೊದಲೇ ಗೊತ್ತಿದ್ದವನೊಬ್ಬ ಮಾಡಿ ಮುಗಿಸಿದ್ದ. ಯುರೋಪಿನ ಒಬ್ಬ ಹವ್ಯಾಸಿ, ಹಿಂದೆ ಅವಳ ಪ್ರೋಗ್ರಾಮಿನಲ್ಲಿ ಸಣ್ಣಪುಟ್ಟ ತಪ್ಪು ತಿದ್ದಿಕೊಟ್ಟವನು. ಅವಳ ಪುಟದಲ್ಲಿ ಮರ್ಯಾದೆಯಿಂದಲೇ ಬರೆದಿದ್ದ: ಈ ಯೋಜನೆ ನಿಂತುಹೋಗಿದೆ, ಇದನ್ನು ನೋಡಿಕೊಳ್ಳುವವರು ಇಲ್ಲ. ನಾನು ಹೊಸ ಹೆಸರಿನಲ್ಲಿ ಹೊಸ ಪ್ರತಿ ಮಾಡಿದ್ದೇನೆ, ಕಾಲ್ ಸೈನ್ ತೆಗೆದು ಶುಚಿ ಮಾಡಿದ್ದೇನೆ. ಇನ್ನು ಎಲ್ಲರೂ ಅಲ್ಲಿಗೆ ಬರಲಿ ಎಂದು ಮನೆಯವರು ಈ ಪುಟದಲ್ಲಿ ಒಂದು ಸೂಚನೆ ಹಾಕಿದರೆ ಉಪಕಾರ.

ನಾನು ಅವನ ಪ್ರತಿ ತೆರೆದು ನೋಡಿದೆ. ಒಳಗಿನದು ನನಗೆ ತಿಳಿಯುವುದಿಲ್ಲ, ಮೊದಲ ಸಾಲು ತಿಳಿಯುತ್ತದೆ. ಮೊದಲ ಸಾಲಿನಲ್ಲಿ ಅವಳ ಹೆಸರಿರಲಿಲ್ಲ. ಒಂದೊಂದೇ ಕಡತ ತೆರೆದೆ. ಎಲ್ಲಿಯೂ ಇರಲಿಲ್ಲ. ಎಲ್ಲ ಕಡೆ ಅವನದೇ ಹೆಸರು.

ಆ ವಾರ ಮಗಳು ಬಸ್ಸಿನಲ್ಲಿ ಬಂದಾಗ ತೋರಿಸಿದೆ.

‘ಪಪ್ಪ, ಹಿ ಈಸ್ ಹೆಲ್ಪಿಂಗ್’ ಎಂದಳು. ‘ಮಮ್ಮಿಯ ಪ್ರಾಜೆಕ್ಟ್ ಸಾಯ್ಬಾರ್ದು ಅಂತ ತಾನೇ ಅವರು ಮಾಡಿದ್ದು? ನಮ್ಗೆ ಮಾಡ್ಲಿಕ್ಕೆ ಬರುದಿಲ್ಲ. ಲೆಟ್ ಇಟ್ ಗೋ.’

‘ಮಾಡ್ಲಿ. ಹೆಸರು ಯಾಕೆ ತೆಗ್ದ?’

‘ಮೆ ಬಿ ಬೇಕಂತ ಅಲ್ಲ.’

‘ಟೈಪಿಂಗ್ ಸೆಂಟರಿನವನೂ ಬೇಕಂತ ಮಾಡಿದ್ದಲ್ಲ. ಆಸ್ಪತ್ರೆಯವರೂ ಅಲ್ಲ. ಬೇಕಂತ ಯಾರೂ ಮಾಡುದಿಲ್ಲ ಮಗಾ. ಆದ್ರೂ ಎಲ್ಲ ಕಡೆಯಿಂದ ಹೋಗ್ತಾ ಉಂಟಲ್ಲ.’

ಮಗಳು ಎದ್ದು ಅಡುಗೆಮನೆಗೆ ಹೋಗಿ ನೀರು ಬಿಟ್ಟುಕೊಂಡು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾನೂ ಹೆಚ್ಚು ಮಾತಾಡುವವನಲ್ಲ. ಆದರೆ ಇದಕ್ಕೆ ಸಹಿ ಹಾಕುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ವೀಸಾ ಸರ್ಕಾರದ್ದು, ಕಾರ್ಡು ಬ್ಯಾಂಕಿನದು, ಕಾಲ್ ಸೈನ್ ಕೂಡ ಇಲಾಖೆ ಕೊಟ್ಟದ್ದು. ಕೊಟ್ಟವರು ವಾಪಸ್ ತೆಗೆದುಕೊಳ್ಳಲಿ, ನನಗೆ ತಕರಾರಿಲ್ಲ. ಈ ಒಂದು ಸಾಲು ಯಾರೂ ಅವಳಿಗೆ ಕೊಟ್ಟದ್ದಲ್ಲ. ಅವಳೇ ಮಾಡಿ, ಅವಳೇ ಬರೆದು, ಜಗತ್ತಿಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಕೇಳಿದ್ದು ಅದೊಂದೇ.

ಕಾಲ್ ಸೈನ್ ತೆಗೆಯಬೇಕು, ಸರಿ. ನಾನೇ ತೆಗೆಯುತ್ತೇನೆ. ಯೋಜನೆ ನಿಂತಿದೆ ಎನ್ನುತ್ತಾನಲ್ಲ, ನಿಂತಿಲ್ಲ ಎಂದು ತೋರಿಸುತ್ತೇನೆ.

ಬರೀ ಅಳಿಸುವುದಾದರೆ ಒಂದೇ ಸಾಲಿನ ಕೆಲಸ. ಆದರೆ ಆ ಜಾಗ ಖಾಲಿ ಬಿಟ್ಟರೆ ಯಂತ್ರ ಹೆಸರಿಲ್ಲದೆ ಸಂಕೇತ ಕಳಿಸುತ್ತದೆ, ಅದು ಇನ್ನೂ ದೊಡ್ಡ ತಪ್ಪು ಎಂದರು ಹಿರಿಯರು. ಹಾಗಾದರೆ ಯಂತ್ರವೇ ಕೇಳಬೇಕು: ನಿನ್ನ ಹೆಸರೇನು? ಹೇಳದಿದ್ದರೆ ಕೆಂಪು ದೀಪ ಮಿನುಗಿಸಿ ಸುಮ್ಮನೆ ಕೂರಬೇಕು. ಇದನ್ನು ಬರೆಯಲು ನಾನು ಕಲಿಯಬೇಕಾಯಿತು. ಸಂಕೇತ ಕಳಿಸುವ ಭಾಗವಿಲ್ಲದ, ಬರೀ ಚಿಪ್ ಇರುವ ಒಂದು ಸರ್ಕ್ಯೂಟ್ ಹಲಗೆ ಅವಳ ಡಬ್ಬಿಯಲ್ಲಿ ಉಳಿದಿತ್ತು. ರಜೆಯ ದಿನಗಳಲ್ಲಿ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಕೂತೆ. ಇಂಗ್ಲಿಷ್ ಪಾಠಗಳನ್ನು ಒಂದೊಂದೇ ಶಬ್ದವಾಗಿ ಓದಿದೆ. ತಿಳಿಯದಿದ್ದರೆ ಹವ್ಯಾಸಿಗಳ ಇಂಟರ್ನೆಟ್ ವೇದಿಕೆಯಲ್ಲಿ ಕೇಳಿದೆ. ನಾನು ಇಂಥವಳ ಗಂಡ, ಪರದೆ ಕೆಲಸದವನು, ಪ್ರೋಗ್ರಾಂ ಗೊತ್ತಿಲ್ಲ ಎಂದೇ ಬರೆದೆ. ಯಾರು ಯಾರೋ ಉತ್ತರ ಕೊಟ್ಟರು. ಒಬ್ಬರೂ ನಗಲಿಲ್ಲ. ಹೆಪ್ಪು ಕೇಳಿದಾಗ ಇಲ್ಲ ಎನ್ನುವವರಲ್ಲ ಅವರು.

ಮೊದಲ ಪ್ರಯತ್ನ ತುಂಬಿದಾಗ ಯಂತ್ರ ನಾನು ಬಯಸಿದ ಹಾಗೇ ಕೆಂಪು ದೀಪ ಮಿನುಗಿಸಿ ಹಠ ಹಿಡಿಯಿತು. ಹಿರಿಯರ ಕಾಲ್ ಸೈನ್ ಬರೆದೆ. ಆಗಲೂ ಕೆಂಪು. ಬೇರೆ ಇನ್ಯಾರದೋ ಬರೆದೆ. ಕೆಂಪು. ಎರಡು ಸಮ ಚಿಹ್ನೆ ಬೇಕಾದಲ್ಲಿ ನಾನು ಒಂದೇ ಹಾಕಿದ್ದೆನಂತೆ, ಅದು ಆಮೇಲೆ ಗೊತ್ತಾಯಿತು. ಹಿಂದೆ ನಿಂತು ನೋಡುತ್ತಿದ್ದ ಮಗಳು, ‘ಪಪ್ಪ, ಇದು ವೀಸಾ ಆಫೀಸರ್ ಥರ ಆಯ್ತು. ಯಾರನ್ನೂ ಒಳಗೆ ಬಿಡ್ತಾ ಇಲ್ಲ’ ಎಂದು ನಗತೊಡಗಿದಳು. ತಾಯಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ‘ಲೆಟ್ ಇಟ್ ಗೋ’ ಎಂದು ಮತ್ತೆ ಹೇಳಲಿಲ್ಲ.

ಸರಿಯಾದ ಮೇಲೆ ಹಿರಿಯರು ತಮ್ಮ ಮನೆಯಲ್ಲಿ, ಅವಳ ಯಂತ್ರಕ್ಕೇ ಅದನ್ನು ತುಂಬಿ, ತಮ್ಮ ಕಾಲ್ ಸೈನ್ ಕೊಟ್ಟು ಪರೀಕ್ಷೆ ಮಾಡಿದರು. ಫೋನ್ ಬಂತು. ‘ಹೋಯ್ತು. ನನ್ನ ಹೆಸರಲ್ಲೇ ಹೋಯ್ತು. ಹೆಸರು ಕೊಡದೆ ನೋಡಿದೆ, ಜಪ್ಪಯ್ಯ ಅಂದ್ರೂ ಹೋಗುದಿಲ್ಲ. ಹೆಂಡ್ತಿಗಿಂತ ನೀನು ಸ್ಟ್ರಿಕ್ಟ್ ಮಾರಾಯ.’

ತಿದ್ದಿದವರು ತಮ್ಮ ಹೆಸರನ್ನೂ ಕಡತದಲ್ಲಿ ಸೇರಿಸುವುದು ವಾಡಿಕೆ ಎಂದು ವೇದಿಕೆಯವರು ಹೇಳಿದರು. ಅವಳ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ನಮ್ಮ ಮನೆಯವರು ಮಾಡಿಸಿದ ಮದುವೆ ಕಾಗದದಲ್ಲಿ ನನ್ನ ಹೆಸರು ಮೇಲಿತ್ತು, ಅವಳದು ಕೆಳಗಿತ್ತು. ಇಲ್ಲಿ ಇರುವುದೇ ಸರಿ.

ಆಮೇಲೆ ಯುರೋಪಿನವನಿಗೆ ಬರೆದೆ. ನನಗೆ ಬರುವ ಇಂಗ್ಲಿಷಿನಲ್ಲಿ, ಮಗಳಿಗೂ ತಿದ್ದಲು ಕೊಡದೆ. ಯೋಜನೆ ನಿಂತಿಲ್ಲ. ನಾನು ನೋಡಿಕೊಳ್ಳುತ್ತೇನೆ. ನಿಧಾನವಾಗಿ ನೋಡಿಕೊಳ್ಳುತ್ತೇನೆ, ಆದರೂ ನೋಡಿಕೊಳ್ಳುತ್ತೇನೆ. ಈ ಪುಟದಲ್ಲಿ ನೀವು ಕೇಳಿದ ಸೂಚನೆ ಹಾಕುವುದಿಲ್ಲ. ನೀವು ನಿಮ್ಮ ಪ್ರತಿ ಮಾಡಿಕೊಳ್ಳಿ, ಅದಕ್ಕೆ ಅವಳೇ ಅನುಮತಿ ಕೊಟ್ಟಿದ್ದಾಳೆ. ಅವಳ ಹೆಸರು ತೆಗೆಯಲು ಕೊಟ್ಟಿಲ್ಲ. ನಾನೂ ಕೊಡುವುದಿಲ್ಲ. ಮೊದಲ ಸಾಲಿನಲ್ಲಿ ಇದ್ದ ಹಾಗೆ ವಾಪಸ್ ಬರೆಯಿರಿ.

ಕೊನೆಯಲ್ಲಿ ‘ಪ್ಲೀಸ್’ ಹಾಕಿದ್ದೆ. ಕಳಿಸುವ ಮೊದಲು ತೆಗೆದೆ.

ಉತ್ತರ ಬಂತು. ಅವನು ಜಗಳಕ್ಕೆ ಬರಲಿಲ್ಲ. ತೀರಿಕೊಂಡವರ ಕಾಲ್ ಸೈನ್ ತೆಗೆಯಬೇಕು ಎಂಬುದು ನಿಯಮ, ನಮ್ಮಲ್ಲಿ ಕಾಲ್ ಸೈನ್ ಎಂದರೆ ಆ ವ್ಯಕ್ತಿಯೇ. ಮೇಲಿನ ಸಾಲಿನಲ್ಲಿ ಅದರ ಜೊತೆಗೇ ಹೆಸರೂ ಇತ್ತು, ಪೂರ್ತಿ ಸಾಲನ್ನೇ ಎಲ್ಲ ಕಡತಗಳಿಂದ ಒಟ್ಟಿಗೆ ಅಳಿಸಿಬಿಟ್ಟೆ, ಅದೇ ಗೌರವ ಎಂದುಕೊಂಡಿದ್ದೆ ಎಂದು ಬರೆದಿದ್ದ. ಅವನು ಅವಳನ್ನು ಎಷ್ಟೋ ವರ್ಷ ಬರೀ ಆ ಅಕ್ಷರ ಅಂಕಿಗಳಿಂದಲೇ ಕರೆದವನು. ಕಾಲ್ ಸೈನ್ ಬೇರೆ, ಹೆಸರು ಬೇರೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ನಾನು ನಂಬಿದೆ. ನಂಬಿದರೂ, ಪ್ರತಿ ಕಡತ ತೆರೆದು ಅವಳ ಹೆಸರು ಬಂದಿದೆಯೇ ಎಂದು ನೋಡಿ ಆದ ಮೇಲೆಯೇ ‘ಥ್ಯಾಂಕ್ಸ್’ ಎಂದು ಬರೆದೆ.

ಹೊಸ ಪ್ರೋಗ್ರಾಂ ಹಾಕಿಕೊಳ್ಳಿ ಎಂದು ವೇದಿಕೆಯಲ್ಲಿ ತಿಳಿಸಿದೆವು. ನಕ್ಷೆಯಿಂದ ಅವಳ ಗುರುತು ಒಂದೊಂದಾಗಿ ಹೋಯಿತು. ಆಲ್ಪ್ಸ್‌ನದು ಮೊದಲು, ಆಮೇಲೆ ದಕ್ಷಿಣ ಅಮೆರಿಕದ್ದು. ಹೋಗುವುದನ್ನು ನಾನೇ ನೋಡಿದೆ. ನಾನು ಕೈಯಾರೆ ಬರೆದದ್ದರಿಂದಲೇ ಹೋಗುತ್ತಿತ್ತು. ಹಾಗಾಗಿ ಅದು ಕ್ಯಾನ್ಸಲ್ ಎನಿಸಲಿಲ್ಲ.

ಈಚೆಗೆ ಒಂದು ಭಾನುವಾರ ಹಿರಿಯರು ಫೋನ್ ಮಾಡಿದರು.

‘ಇನ್ನೂ ಒಂದು ಉಂಟು. ಇಂಡೋನೇಷ್ಯಾದ್ದು.’

‘ಗೊತ್ತುಂಟು.’

‘ಯಾರದ್ದು ಅಂತ ಹುಡುಕ್ಬೇಕಲ್ಲ. ಅಲ್ಲಿನ ಕ್ಲಬ್ಬಿಗೆ ಬರೆದ್ರೆ ಹೇಳ್ತಾರೆ.’

‘ನಾನು ಬರೆಯುದಿಲ್ಲ ಅಣ್ಣ.’

‘ರೂಲ್ ಉಂಟಲ್ಲ ಮಾರಾಯ.’

‘ಪ್ರೋಗ್ರಾಂ ಸರಿ ಮಾಡಿದ್ದೇನೆ, ಎಲ್ಲರಿಗೂ ಹೇಳಿದ್ದೇನೆ. ಅವರು ಕಂಡಾಗ ಬದಲಾಯಿಸ್ಲಿ. ನಾನು ಹುಡುಕಿಕೊಂಡು ಹೋಗಿ ಅವಳನ್ನು ಆಫ್ ಮಾಡಿಸುದಿಲ್ಲ. ನಿಮಗೆ ಬರೀಬೇಕು ಅಂತ ಇದ್ರೆ ನೀವು ಬರೀರಿ.’

ಆ ಕಡೆ ಅವರ ಮೊಮ್ಮಗ ಟಿವಿ ಜೋರು ಮಾಡಿದ್ದು ಕೇಳಿಸಿತು. ಹಿರಿಯರು ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಬೇಕು, ಸದ್ದು ಕಡಿಮೆಯಾಯಿತು. ಬೈಯುತ್ತಾರೆ ಎಂದುಕೊಂಡು ನಾನು ಕಾದೆ.

‘ನಿನ್ನೆ ಅದು ಗ್ರೀನ್‌ಲ್ಯಾಂಡಿನವರೆಗೆ ಕೇಳಿಸಿದೆ, ನೋಡಿದ್ಯಾ?’ ಎಂದರು. ‘ಅಷ್ಟು ಸಣ್ಣ ಪವರಿಗೆ. ಒಳ್ಳೇ ಯಂತ್ರ ಮಾರಾಯ ಅದು.’

ನೋಡಿದ್ದೇನೆ ಎಂದೆ.